ಹೆಬ್ಬೆಟ್ಟಿಗೆ ಯಾವ ವಿಭಕ್ತಿ?

2015ರಲ್ಲಿ ಆಕ್ಸ್‌ಫರ್ಡ್ ನಿಘಂಟಿನವರು ವರ್ಷದ ಪದವೆಂದು ಆರಿಸಿದ್ದು ಕಣ್ಣೀರು ಬರುವಂತೆ ನಗುವ ಹಳದಿ ಮುಖದ ಎಮೋಜಿಯನ್ನು. ಸಾವಿನ ಸುದ್ದಿಯ ಕೆಳಗೆ ನಮ್ಮ ಹಿರಿಯರು ಬರೀ ಕಣ್ಣೀರು ನೋಡಿ ಒತ್ತುವುದೂ ಇದನ್ನೇ. ಇರಲಿ, ಪಟ್ಟ ಕಟ್ಟಿಯಾಯಿತು. ಖಾಯಂ ಮಾಡುವ ಮುನ್ನ ದಾಖಲೆಪತ್ರ ನೋಡಬೇಕಲ್ಲ?

ಮೊದಲು ಎಣಿಕೆ. ಖಾಲಿ ಜಾಗ ನೋಡಿ ಪದ ಎಣಿಸುವ ತಂತ್ರಾಂಶಕ್ಕೆ ಐದು ನಗುಮುಖ ಒತ್ತೊತ್ತಾಗಿದ್ದರೆ ಒಂದು ಪದ, ನಡುನಡುವೆ ಸ್ಪೇಸ್ ಕೊಟ್ಟರೆ ಐದು. ಮುನ್ನೂರು ಪದದ ಪ್ರಬಂಧ ಬರೆಯಬೇಕಾದ ಮಕ್ಕಳು ಗಮನಿಸಬಹುದು.

ಅಪ್ಪ, ಅಮ್ಮ, ಮಗಳು, ಮಗ ಇರುವ ಚಿತ್ರ ಪರದೆಯ ಮೇಲೆ ಒಂದೇ. ಒಳಗೆ ನಾಲ್ಕು ಜನ, ಅವರ ನಡುವೆ ಕಣ್ಣಿಗೆ ಕಾಣದ ಮೂರು ಜೋಡಕ, ಒಟ್ಟು 7 ಸಂಕೇತ, ಕಂಪ್ಯೂಟರು ಅಕ್ಷರಗಳನ್ನು ಕೂಡಿಡುವ ಯುಟಿಎಫ್-8 ಪದ್ಧತಿಯಲ್ಲಿ 25 ಬೈಟ್. ‘ಕುಟುಂಬ’ ಎಂದು ಬರೆದಿದ್ದರೆ 18ರಲ್ಲಿ ಮುಗಿಯುತ್ತಿತ್ತು. ಹಳೇ ಫೋನಿಗೆ ಕಳಿಸಿದರಂತೂ ಮನೆ ಪಾಲಾಗಿ ನಾಲ್ವರೂ ಬೇರೆಬೇರೆ ನಿಲ್ಲುತ್ತಾರೆ. ಆ ಜೋಡಕವೇನೂ ನಮಗೆ ಹೊಸಬನಲ್ಲ. ‘ರ‍್ಯಾಂಕ್’ ಬರೆಯಲು ‘ರ’ ಆದಮೇಲೆ ಅದನ್ನೇ ಒತ್ತಬೇಕು, ಆಮೇಲೆ ಹಲಂತ, ಆಮೇಲೆ ‘ಯಾ’. ಮರೆತರೆ ಅರ್ಕಾವೊತ್ತು ಬಂದು ಕೂರುತ್ತದೆ. ‘ರ‍್ಯಾ’ ನೆಟ್ಟಗೆ ತೋರಿಸಲು ತಿಣುಕುವ ಆ್ಯಪ್‌ಗಳೂ ಈ ಸಂಸಾರವನ್ನು ಮಾತ್ರ ಚೊಕ್ಕವಾಗಿ ಕೂರಿಸುತ್ತವೆ.

ಇನ್ನು ವ್ಯಾಕರಣ. ಹೃದಯದ ಚಿತ್ರಕ್ಕೆ ‘ಅನ್ನು’ ಹಚ್ಚಿ ನೋಡೋಣ: ಯಕಾರಾಗಮವೋ, ವಕಾರಾಗಮವೋ? ಕೊನೆಯ ಸ್ವರವೇ ಇಲ್ಲದವನಿಗೆ ಯಾವ ಸಂಧಿ ಮಾಡಿಸುವುದು? ಬಹುವಚನ ಸುಲಭ, ಮೂರು ಸಲ ಒತ್ತಿದರಾಯಿತು. ಆದರೆ ‘ನಕ್ಕಿದ್ದೆ’, ‘ನಗಲಾರೆ’, ‘ನಕ್ಕಾನು’ ಮೂರಕ್ಕೂ ಅದೇ ಹಳದಿ ಮುಖ. ಕೈಮುಗಿದ ಚಿತ್ರವಂತೂ ಗೃಹಪ್ರವೇಶದ ಆಮಂತ್ರಣಕ್ಕೂ ಸರಿ, ಶಿವೈಕ್ಯರಾದ ಸುದ್ದಿಗೂ ಸರಿ, ‘ಸಾಕು ಬಿಡು ಮಾರಾಯ’ ಎನ್ನಲಿಕ್ಕೂ ಸರಿ.

ಅರ್ಥವನ್ನು ಕಂಪನಿಗಳೇ ತಿದ್ದುವುದೂ ಉಂಟು. ಪಿಸ್ತೂಲಿನ ಚಿತ್ರವನ್ನು ಆಪಲ್ 2016ರಲ್ಲಿ ನೀರು ಚಿಮ್ಮುವ ಆಟಿಕೆ ಮಾಡಿತು, ಗೂಗಲ್ 2018ರಲ್ಲಿ. ನಡುವೆ ಐಫೋನಿನಿಂದ ಹೊರಟ ಹೋಳಿಯಾಟ ಆಂಡ್ರಾಯ್ಡ್ ತಲುಪುವಷ್ಟರಲ್ಲಿ ಕೊಲೆ ಬೆದರಿಕೆ.

ನಿಘಂಟಿನವರಿಗಿಂತ ಕೋರ್ಟೇ ಖಡಕ್ಕು. ಕೆನಡಾದ ಸಸ್ಕಾಚೆವಾನಿನಲ್ಲಿ ರೈತನೊಬ್ಬನ ಫೋನಿಗೆ ಅಗಸೆ ಖರೀದಿಯ ಕರಾರುಪತ್ರದ ಫೋಟೊ ಬಂತು. ಆತ ಉತ್ತರವಾಗಿ ಹೆಬ್ಬೆರಳೆತ್ತಿದ ಚಿತ್ರ ಒತ್ತಿದ. ಅಗಸೆಯ ಬೆಲೆ ಏರಿತು, ಮಾಲು ಬರಲಿಲ್ಲ. ‘ಸಂದೇಶ ಮುಟ್ಟಿತು ಅಂದೆನಷ್ಟೆ’ ಎಂದು ವಾದಿಸಿದ. ಹಿಂದಿನ ಕರಾರುಗಳಿಗೆ ‘ಓಕೆ’, ‘ಯಪ್’ ಎಂದಷ್ಟೇ ಉತ್ತರಿಸಿ ಧಾನ್ಯ ಸುರಿದಿದ್ದು ಮುಳುವಾಯಿತು. ಅದು ರುಜುವೇ ಸರಿ, 82,200 ಡಾಲರ್ ಕಟ್ಟು ಎಂದಿತು 2023ರ ತೀರ್ಪು. ಮೇಲ್ಮನವಿಯಲ್ಲೂ ಅದೇ ನಿಂತಿತು.

ಹೆಬ್ಬೆಟ್ಟು ಬಿಡಿಸಿ ಸಹಿ ಕಲಿಸಲು ನಮ್ಮಲ್ಲಿ ರಾತ್ರಿಶಾಲೆಗಳನ್ನೇ ನಡೆಸಿದ್ದರು. ಆಗಿನ ಹೆಬ್ಬೆಟ್ಟಿಗೆ ಇಂಕ್‌ಪ್ಯಾಡಾದರೂ ಬೇಕಿತ್ತು.