ಖಾಲಿ ಕುರ್ಚಿಯ ಪೂರ್ಣಾವಧಿ ಆಡಳಿತಕ್ಕೆ ಅಭಿನಂದನೆ

ಕರ್ನಾಟಕದಲ್ಲಿ ಐದು ವರ್ಷ ಪೂರ್ತಿ ಕುರ್ಚಿ ಉಳಿಸಿಕೊಂಡ ಮುಖ್ಯಮಂತ್ರಿಗಳನ್ನು ಬೆರಳಲ್ಲಿ ಎಣಿಸಬಹುದು. ಉಳಿದವರನ್ನು ಅವರ ಪಕ್ಷದವರೇ ಇಳಿಸಿದರು, ಇಲ್ಲವೇ ಪಕ್ಕದ ಪಕ್ಷದವರು ಬಸ್ಸು ತುಂಬಿಸಿಕೊಂಡು ರೆಸಾರ್ಟಿಗೆ ಹೋದರು. ಇಂಥ ನಾಡಿನಲ್ಲಿ ಒಂದು ಕುರ್ಚಿ ಮಾತ್ರ 2025ರ ಸೆಪ್ಟೆಂಬರ್ 10ಕ್ಕೆ ಐದು ವರ್ಷ ಪೂರೈಸಿತು. ಒಂದು ಭಿನ್ನಮತ ಇಲ್ಲ, ಒಂದು ಆಪರೇಷನ್ ಇಲ್ಲ, ಒಂದು ಅವಿಶ್ವಾಸ ನಿರ್ಣಯ ಇಲ್ಲ. ಅದು ಬೆಂಗಳೂರಿನ ಮೇಯರ್ ಕುರ್ಚಿ. ಅದರಲ್ಲಿ ಯಾರೂ ಕೂತಿರಲಿಲ್ಲ, ಅದಕ್ಕೇ ಇಷ್ಟು ಸ್ಥಿರತೆ.

2015ರ ಆಗಸ್ಟ್‌ನಲ್ಲಿ ಗೆದ್ದ 198 ಕಾರ್ಪೊರೇಟರ್‌ಗಳ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಮೇಯರ್ ಮನೆಗೆ ಹೋದರು, ಆಡಳಿತಾಧಿಕಾರಿ ಬಂದರು. ಇದು ತಾತ್ಕಾಲಿಕ ವ್ಯವಸ್ಥೆ ಅಂದರು. ನಮ್ಮಲ್ಲಿ ತಾತ್ಕಾಲಿಕ ಅಂದರೆ ಏನು ಅಂತ ರಸ್ತೆಗುಂಡಿಗೆ ಹಾಕಿದ ಜಲ್ಲಿ ನೋಡಿದವರಿಗೆಲ್ಲ ಗೊತ್ತು.

ಸಂವಿಧಾನದ 243ಯು ವಿಧಿಯಲ್ಲಿ ಒಂದು ಸಾಲಿದೆ. ನಗರಸಭೆಯ ಐದು ವರ್ಷ ಮುಗಿಯುವುದಕ್ಕೆ ಮುಂಚೆಯೇ ಹೊಸ ಚುನಾವಣೆ ಪೂರ್ತಿ ಆಗಿರಬೇಕು. 'ಸಾಧ್ಯವಾದರೆ' ಅಂತ ಇಲ್ಲ. 'ಶಾಸಕರ ಮನಸ್ಸು ಬಂದಾಗ' ಅಂತಲೂ ಇಲ್ಲ. 74ನೇ ತಿದ್ದುಪಡಿ ಮಾಡಿದವರು ಇಷ್ಟು ನೇರವಾಗಿ ಬರೆದದ್ದೇ ತಪ್ಪಾಯಿತೇನೋ. ನೇರವಾಗಿ ಬರೆದದ್ದನ್ನು ಸುತ್ತಿಕೊಂಡು ಹೋಗುವುದು ನಮ್ಮ ಸರ್ಕಾರಗಳಿಗೆ ನೀರು ಕುಡಿದಷ್ಟು ಸುಲಭ. ದಾರಿಯ ಹೆಸರು ವಾರ್ಡ್ ಪುನರ್ವಿಂಗಡಣೆ, ಅಂದರೆ ವಾರ್ಡುಗಳ ಗಡಿಗೆರೆಯನ್ನು ಮತ್ತೆ ಎಳೆಯುವುದು.

ಕೌನ್ಸಿಲ್ ಅವಧಿ ಮುಗಿದ ಮರುತಿಂಗಳೇ ಸರ್ಕಾರಕ್ಕೆ ಜ್ಞಾನೋದಯವಾಯಿತು. ಬೆಂಗಳೂರು ತುಂಬಾ ಬೆಳೆದಿದೆ, 198 ವಾರ್ಡ್ ಎಲ್ಲಿ ಸಾಕು, 243 ಬೇಕು ಅಂತ ಕಾನೂನು ತಿದ್ದಿದರು. ಐದು ವರ್ಷ ಕೌನ್ಸಿಲ್ ಇದ್ದಾಗ ಬೆಳೆಯದ ಊರು ಕೌನ್ಸಿಲ್ ಮುಗಿದ ಕೂಡಲೇ ಬೆಳೆದದ್ದು ನಿಜಕ್ಕೂ ವಿಸ್ಮಯ. ಹೈಕೋರ್ಟ್ ಡಿಸೆಂಬರ್‌ನಲ್ಲಿ, ಅದೆಲ್ಲ ಆಮೇಲೆ ನೋಡೋಣ, ಈಗಿರುವ 198ಕ್ಕೇ ಚುನಾವಣೆ ಮಾಡಿ ಅಂದಿತು. ಸರ್ಕಾರ ಸುಪ್ರೀಂ ಕೋರ್ಟಿಗೆ ಓಡಿತು, ಅದೇ ತಿಂಗಳು ತಡೆ ತಂದಿತು. ಒಳಚರಂಡಿ ಕಟ್ಟಿಕೊಂಡರೆ ತಿಂಗಳುಗಟ್ಟಲೆ ಬಾರದ ಸರ್ಕಾರಕ್ಕೆ ದಿಲ್ಲಿಯ ದಾರಿ ಎಷ್ಟು ಬೇಗ ಸಿಕ್ಕಿತು ನೋಡಿ.

ಮುಂದಿನ ಲೆಕ್ಕ ಕುತೂಹಲದ್ದು. 2022ರಲ್ಲಿ, ಇನ್ನು ಕಾಯಿಸಬೇಡಿ ಅಂತ ಸುಪ್ರೀಂ ಕೋರ್ಟ್ ಗಡುವು ಕೊಟ್ಟ ಮೇಲೆ, 243 ವಾರ್ಡಿನ ಗೆರೆ ಬಿತ್ತು. ಗೆರೆ ಮುಗಿಯಿತು ಅನ್ನುವಷ್ಟರಲ್ಲಿ ಮೀಸಲಾತಿ ಪಟ್ಟಿಯಲ್ಲಿ ತಕರಾರು ಬಂತು. ಹೈಕೋರ್ಟ್ ಆ ಪಟ್ಟಿಯನ್ನು ರದ್ದು ಮಾಡಿತು. 2023ರಲ್ಲಿ ಸರ್ಕಾರ ಬದಲಾಯಿತು. ಹೊಸಬರು ಬಂದು 243 ತಪ್ಪು, 225 ಸರಿ ಅಂದರು. ಹೊಸ ಗೆರೆ, ಹೊಸ ನಕ್ಷೆ, ಹೊಸ ಆಕ್ಷೇಪಣೆ. ಅದೂ ಆದಮೇಲೆ 225 ಯಾಕೆ, ಊರನ್ನೇ ಐದು ಮಾಡೋಣ ಅಂತ ತೀರ್ಮಾನವಾಗಿ 369ಕ್ಕೆ ಬಂದು ನಿಂತಿತು. 198, 243, 225, 369. ಲಾಟರಿ ನಂಬರ್ ಅಲ್ಲ, ಒಂದೇ ಊರಿನ ವಾರ್ಡ್ ಸಂಖ್ಯೆ.

ಇದರಲ್ಲಿ ನನಗೆ ತುಂಬಾ ಇಷ್ಟವಾದ ಸಂಗತಿ ಒಂದಿದೆ. 243ಕ್ಕೂ ಆಧಾರ 2011ರ ಜನಗಣತಿ. 225ಕ್ಕೂ ಅದೇ. 369ಕ್ಕೂ ಅದೇ. 2021ರಲ್ಲಿ ಆಗಬೇಕಿದ್ದ ಗಣತಿ ಆಗಲೇ ಇಲ್ಲವಲ್ಲ, ಬೇರೆ ಲೆಕ್ಕ ಎಲ್ಲಿಂದ ತರುತ್ತಾರೆ? ಅಂದರೆ 2011ರಲ್ಲಿ ಎಣಿಸಿದ ಅದೇ ಜನ ಒಂದು ಸರ್ಕಾರಕ್ಕೆ ಜಾಸ್ತಿಯಾಗಿ ಕಂಡರು, ಇನ್ನೊಂದಕ್ಕೆ ಕಡಿಮೆಯಾಗಿ ಕಂಡರು, ಆಮೇಲೆ ಅದೇ ಸರ್ಕಾರಕ್ಕೆ ಮತ್ತೆ ಜಾಸ್ತಿಯಾಗಿ ಕಂಡರು. ಆ ಗಣತಿಯ ಹೊತ್ತಿಗೆ ತೊಟ್ಟಿಲಲ್ಲಿದ್ದ ಕೂಸು ಈಗ ಹೈಸ್ಕೂಲಿನಲ್ಲಿದೆ. ಇನ್ನೊಂದು ಸಲ ಗೆರೆ ಎಳೆಯುವ ಹೊತ್ತಿಗೆ ಅದಕ್ಕೇ ಓಟು ಬಂದಿರುತ್ತದೆ.

ಈ ಕಾಲದಲ್ಲಿ ಹುಟ್ಟಿ ಸತ್ತ ಒಂದು ಕಾಯ್ದೆಗೂ ಶ್ರದ್ಧಾಂಜಲಿ ಸಲ್ಲಿಸಬೇಕು. ಹೆಸರು ಬಿಬಿಎಂಪಿ (ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ) ಕಾಯ್ದೆ, 2020. ಬೆಂಗಳೂರಿಗೇ ಪ್ರತ್ಯೇಕ ಕಾನೂನು ಬೇಕು ಅಂತ ಮಾಡಿದ್ದು. ವರ್ಷಕ್ಕೊಬ್ಬ ಮೇಯರ್ ಬದಲಾದರೆ ಊರು ಉದ್ಧಾರವಾಗುವುದಿಲ್ಲ, ಮೇಯರ್‌ಗೆ 30 ತಿಂಗಳು ಕೊಡಬೇಕು ಅಂತ ಅದರಲ್ಲಿ ಬರೆದರು. ಒಳ್ಳೆಯ ಮಾತೇ. ಕಾಯ್ದೆ 2021ರ ಜನವರಿಯಲ್ಲಿ ಜಾರಿಗೆ ಬಂತು. 2025ರ ಮೇ 15ಕ್ಕೆ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಬಂದು ಅದರ ಜಾಗದಲ್ಲಿ ಕೂತಿತು. ನಡುವಿನ ನಾಲ್ಕು ವರ್ಷದಲ್ಲಿ ಆ ಕಾಯ್ದೆ ಒಬ್ಬ ಮೇಯರ್‌ನ ಮುಖ ನೋಡಲಿಲ್ಲ. ಒಬ್ಬ ಕಾರ್ಪೊರೇಟರ್‌ನನ್ನೂ ಕಾಣಲಿಲ್ಲ. ಚುನಾಯಿತ ಪಾಲಿಕೆ ಹೇಗೆ ನಡೆಯಬೇಕು ಅಂತ ಅಧ್ಯಾಯಗಟ್ಟಲೆ ಬರೆದಿಟ್ಟುಕೊಂಡು, ಮದುವೆಯೇ ಆಗದ ಮನೆಯ ತೊಟ್ಟಿಲ ಹಾಗೆ ಕಾದು ಕಾದು ಹೋಯಿತು.

ಹೊಸ ಕಾಯ್ದೆ ಇನ್ನೂ ಧಾರಾಳಿ. 2025ರ ಸೆಪ್ಟೆಂಬರ್ 2ರಿಂದ ಬಿಬಿಎಂಪಿ ಇಲ್ಲ; ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಅಂತ ಐದು ಪಾಲಿಕೆ. ದಿನಾಂಕ ಗಮನಿಸಿ. ಖಾಲಿ ಕುರ್ಚಿಯ ಪೂರ್ಣಾವಧಿಗೆ ಎಂಟೇ ದಿನ ಬಾಕಿ ಇತ್ತು. ಅಷ್ಟರಲ್ಲಿ ಒಂದು ಖಾಲಿ ಕುರ್ಚಿ ಐದು ಖಾಲಿ ಕುರ್ಚಿಯಾಯಿತು. ಕೆಲಸ ಮಾಡಿದವರಿಗೆ ಇಂಥ ಬಡ್ತಿ ಸಿಕ್ಕಿದ್ದನ್ನು ನಾನಂತೂ ಕಂಡಿಲ್ಲ.

ಐದರ ಮೇಲೆ ಒಂದು ಪ್ರಾಧಿಕಾರ. ಅದಕ್ಕೆ ಅಧ್ಯಕ್ಷರು ಮುಖ್ಯಮಂತ್ರಿಗಳು, ಉಪಾಧ್ಯಕ್ಷರು ಬೆಂಗಳೂರು ಅಭಿವೃದ್ಧಿ ಸಚಿವರು, ಜೊತೆಗೆ ಊರಿನ ಶಾಸಕರು, ಸಂಸದರು. ಅಧಿಕಾರವನ್ನು ಕೆಳಗೆ ಇಳಿಸಬೇಕು ಅಂತ ಸಂವಿಧಾನ ಹೇಳಿತ್ತು. ಇಳಿಸಿದ್ದಾರೆ. ಜೊತೆಗೆ ಮುಖ್ಯಮಂತ್ರಿಗಳೂ ಇಳಿದು ಬಂದಿದ್ದಾರೆ, ಅಷ್ಟೇ.

ಚುನಾವಣೆ ಯಾಕಪ್ಪ ಆಗಲಿಲ್ಲ ಅಂತ ಯಾವ ಪಕ್ಷದವರನ್ನು ಕೇಳಿದರೂ ಇನ್ನೊಂದು ಪಕ್ಷದ ಕಡೆ ಕೈ ತೋರಿಸುತ್ತಾರೆ. ಇಬ್ಬರೂ ಹೇಳುವುದು ಸತ್ಯ. ಯಡಿಯೂರಪ್ಪ, ಬೊಮ್ಮಾಯಿ, ಸಿದ್ದರಾಮಯ್ಯ, ಐದು ವರ್ಷದಲ್ಲಿ ಮೂವರು ಮುಖ್ಯಮಂತ್ರಿಗಳು. ಹಿಜಾಬ್‌ನಿಂದ ಹಿಡಿದು ಅನ್ನಭಾಗ್ಯದ ಅಕ್ಕಿಯವರೆಗೆ ಒಂದರಲ್ಲೂ ಒಮ್ಮತ ಇಲ್ಲದ ಪಕ್ಷಗಳು ಇದೊಂದರಲ್ಲಿ ಎಷ್ಟು ಹೊಂದಿಕೊಂಡು ಹೋದವು! ವಿರೋಧ ಪಕ್ಷದಲ್ಲಿ ಕೂತಾಗ 'ಕೂಡಲೇ ಚುನಾವಣೆ ಮಾಡಿ', ಆಡಳಿತಕ್ಕೆ ಬಂದಾಗ 'ನ್ಯಾಯಯುತವಾಗಿ ಮಾಡಬೇಕಲ್ಲ, ಸ್ವಲ್ಪ ತಡೀರಿ'. ಇದು ಹೊಸ ರೋಗವೂ ಅಲ್ಲ. 2006ರ ಕೊನೆಯಲ್ಲಿ ಅವಧಿ ಮುಗಿದ ಬೆಂಗಳೂರಿನ ಕೌನ್ಸಿಲ್‌ಗೆ ಮತ್ತೆ ಚುನಾವಣೆ ಆದದ್ದು 2010ರ ಮಾರ್ಚ್‌ನಲ್ಲಿ. ಆಗಲೂ ಊರು ಬೆಳೆದಿತ್ತು, ಗೆರೆ ಎಳೆಯಬೇಕಿತ್ತು.

ಅಸಲಿ ಕಾರಣ ಬಡಾವಣೆಯ ಟೀ ಅಂಗಡಿಯಲ್ಲಿ ಎಲ್ಲರಿಗೂ ಗೊತ್ತು. ಶಾಸಕರ ಜೊತೆ ಓಡಾಡುವ ಒಬ್ಬರನ್ನು ಕೇಳಿದೆ.

"ಅಣ್ಣ, ಕಾರ್ಪೊರೇಟರ್ ಇಲ್ದೆ ನಿಮಗೆ ಕೆಲಸ ಜಾಸ್ತಿ ಆಗಿರಬೇಕಲ್ವಾ?"

"ಕೆಲಸ ಜಾಸ್ತಿನೇ ಸಾರ್. ಆದ್ರೆ ಮೋರಿ ಪೂಜೆಗೂ ಈಗ ನಮ್ಮ ಸಾಹೇಬ್ರೇ. ಪಾರ್ಕ್ ಗೇಟಿಗೂ ಅವರದೇ ಹೆಸರು. ಕಂಟ್ರಾಕ್ಟರ್‌ಗಳೂ ಒಂದೇ ಮನೆಗೆ ಬಂದ್ರೆ ಸಾಕು, ಅವ್ರಿಗೂ ಪೆಟ್ರೋಲ್ ಉಳಿತಾಯ."

ಇಷ್ಟು ಸರಳವಾಗಿ ರಾಜ್ಯಶಾಸ್ತ್ರವನ್ನು ನನಗೆ ಕಾಲೇಜಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ವಾರ್ಡಿನಲ್ಲಿ ಗೆದ್ದ ಹುಡುಗ ನಾಳೆ ಎಂಎಲ್‌ಎ ಟಿಕೆಟ್ ಕೇಳುತ್ತಾನೆ. ಅವನು ಗೆಲ್ಲದೇ ಇದ್ದರೆ ಕೇಳುವುದಿಲ್ಲ. ಚುನಾವಣೆಯೇ ನಡೆಯದಿದ್ದರೆ ಗೆಲ್ಲುವ ಪ್ರಶ್ನೆಯೇ ಇಲ್ಲ. ಪಾಪ, ಆ ಆಕಾಂಕ್ಷಿಗಳ ಪಾಡು ನೋಡಿ. ಗಣೇಶ ಹಬ್ಬಕ್ಕೆ ಆರ್ಕೆಸ್ಟ್ರಾ ಕರೆಸಿ, ಅನ್ನದಾನ ಮಾಡಿಸಿ, ಕೈಮುಗಿದು ನಿಂತ ಫ್ಲೆಕ್ಸ್ ಹಾಕಿಸಿ ಬೋಳಾಗಿದ್ದಾರೆ. ಒಂದು ಗೆರೆ ಬದಲಾದರೆ ಅನ್ನ ತಿಂದವರು ಪಕ್ಕದ ವಾರ್ಡಿಗೆ ಹೋಗುತ್ತಾರೆ. ಗೆರೆ ಉಳಿದರೆ ಮೀಸಲಾತಿ ಬದಲಾಗಿ ಹೆಂಡತಿಯ ಫೋಟೋ ತೆಗೆಸಬೇಕಾಗುತ್ತದೆ.

ಅಂದಹಾಗೆ ಬಜೆಟ್ ನಿಂತಿಲ್ಲ, ಗಾಬರಿ ಬೇಡ. 2025ರ ಮಾರ್ಚ್‌ನಲ್ಲಿ ಸುಮಾರು 19,900 ಕೋಟಿ ರೂಪಾಯಿಯ ಬಜೆಟ್ ಮಂಡನೆಯಾಯಿತು. ಅಧಿಕಾರಿಗಳೇ ತಯಾರಿಸಿದರು, ಅಧಿಕಾರಿಗಳೇ ಓದಿದರು. ನಮ್ಮ ವಾರ್ಡಿಗೆ ಎಷ್ಟು ಅಂತ ಎದ್ದು ಕೂಗುವ ಒಬ್ಬ ಸದಸ್ಯನೂ ಇರಲಿಲ್ಲ. ಮೈಕ್ ಕಿತ್ತಾಟ ಇಲ್ಲ, ಕಾಗದ ಹರಿದು ಎಸೆಯುವುದಿಲ್ಲ. ತೆರಿಗೆ ಮಾತ್ರ ನಾವು ಕಟ್ಟಿದ್ದು.

ಬೆಂಗಳೂರಿನವರು ಇದು ನಮಗೊಬ್ಬರಿಗೇ ಸಿಕ್ಕ ಗೌರವ ಅಂತ ಬೀಗಬಾರದು. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರ ಬೇಸಿಗೆಯಲ್ಲೇ ಮುಗಿಯಿತು. ಅಲ್ಲಿ ನಡೆದದ್ದು ಇನ್ನೂ ನಾಜೂಕು. ರಾಜ್ಯ ಚುನಾವಣಾ ಆಯೋಗ ಸುಮ್ನೆ ಕೂರದೆ ಕ್ಷೇತ್ರ ವಿಂಗಡಣೆ ಮಾಡಿ, ಮೀಸಲಾತಿಯ ಕರಡನ್ನೂ ಹೊರಡಿಸಿಬಿಟ್ಟಿತ್ತು. ಸರ್ಕಾರ ಏನು ಮಾಡಿತು? ಕಾನೂನು ತಿದ್ದಿ ಆಯೋಗದ ಕೈಯಿಂದ ಆ ಅಧಿಕಾರವನ್ನೇ ಕಿತ್ತುಕೊಂಡು ಬೇರೊಂದು ಆಯೋಗಕ್ಕೆ ಕೊಟ್ಟಿತು. ಗೆರೆ ಮತ್ತೆ ಮೊದಲಿಂದ. ತಡಮಾಡಿದ್ದಕ್ಕೆ ಹೈಕೋರ್ಟ್ ದಂಡವನ್ನೂ ಹಾಕಿತು. ದಂಡದ ದುಡ್ಡು ಯಾರ ಜೇಬಿನದು ಅಂತ ಕೇಳಬೇಡಿ, ಮೇಲಿನ ಪ್ಯಾರಾದ ಕೊನೆಯ ಸಾಲು ಓದಿ. ಮೈಸೂರು ಪಾಲಿಕೆ 2023ರ ನವೆಂಬರ್‌ನಲ್ಲಿ ಈ ಸಾಲಿಗೆ ಸೇರಿತು.

ಇದೇ ರಾಜ್ಯ ಒಂದು ಕಾಲದಲ್ಲಿ ದೇಶಕ್ಕೆ ಪಾಠ ಹೇಳಿತ್ತು ಅನ್ನುವುದು ಈಗ ಹೇಳಿದರೆ ಹುಡುಗರು ನಗುತ್ತಾರೆ. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ, ಅಬ್ದುಲ್ ನಜೀರ್ ಸಾಬ್ ಪಂಚಾಯತ್ ಮಂತ್ರಿ. 1983ರಲ್ಲಿ ಕಾನೂನು ಬರೆದರು, 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ಮಾಡಿದರು. ಆಗ ಸಂವಿಧಾನದಲ್ಲಿ ಇದಕ್ಕೆ ಯಾವ ಕಡ್ಡಾಯವೂ ಇರಲಿಲ್ಲ. ಕಡ್ಡಾಯ ಬಂದದ್ದು 1993ರಲ್ಲಿ. ಊರೂರಿಗೆ ಬೋರ್‌ವೆಲ್ ಕೊರೆಸಿ 'ನೀರ್ ಸಾಬ್' ಅನ್ನಿಸಿಕೊಂಡ ಆ ಮನುಷ್ಯ ಕಾನೂನಿನ ಒತ್ತಾಯವಿಲ್ಲದೆ ಮಾಡಿದ್ದನ್ನು ಇವರು ಕಾನೂನಿನ ಒತ್ತಾಯವಿದ್ದೂ ಮಾಡಲಿಲ್ಲ. ಬದಲಿಗೆ ಪಂಚಾಯತ್ ರಾಜ್ ಕಾಯ್ದೆಯ ಹೆಸರಿಗೆ 'ಗ್ರಾಮ ಸ್ವರಾಜ್' ಅಂತ ಸೇರಿಸಿದರು. ಗಾಂಧೀಜಿಗೆ ಸಮಾಧಾನ ಆಗಿರಬಹುದು.

ಈಗ ನನ್ನದೊಂದು ಬೇಡಿಕೆ. ವಿಧಾನಸಭೆಯ 224 ಕ್ಷೇತ್ರಗಳ ಗೆರೆ ಎಳೆದದ್ದು 2001ರ ಗಣತಿ ನೋಡಿಕೊಂಡು, 2008ರ ಚುನಾವಣೆಗೆ. ಆಮೇಲೆ 2013, 2018, 2023, ಮೂರು ಚುನಾವಣೆ ಅದೇ ಹಳೆಯ ಗೆರೆಯ ಮೇಲೆ ದಿನ ತಪ್ಪದೆ ನಡೆದವು. ಯಶವಂತಪುರ, ಮಹದೇವಪುರದಂಥ ಕ್ಷೇತ್ರಗಳಲ್ಲಿ ಮತದಾರರು ಉಕ್ಕಿ ಹರಿಯುತ್ತಿದ್ದರೂ ಒಬ್ಬ ಶಾಸಕರೂ 'ವೈಜ್ಞಾನಿಕ ವಿಂಗಡಣೆ ಆಗುವವರೆಗೆ ನನ್ನ ಚುನಾವಣೆ ನಿಲ್ಲಿಸಿ' ಅಂತ ಕೋರ್ಟಿಗೆ ಹೋಗಲಿಲ್ಲ. ಎಂಥ ತ್ಯಾಗ! ವಾರ್ಡಿಗೆ ಬೇಕಾದ ವಿಜ್ಞಾನ ತಮಗೆ ಬೇಡ ಅಂದವರು.

2028ರಲ್ಲಿ ಅವರಿಗೆ ಈ ಅನ್ಯಾಯ ಆಗಬಾರದು. ಚುನಾವಣೆ ಮುಂದೂಡೋಣ. ವಿಧಾನಸೌಧಕ್ಕೊಬ್ಬ ಆಡಳಿತಾಧಿಕಾರಿಯನ್ನು ಕೂರಿಸಿ, 224 ಸಾಕೋ 243 ಬೇಕೋ ಅಂತ ನಿಧಾನವಾಗಿ ಯೋಚಿಸೋಣ. ಬಜೆಟ್ಟನ್ನು ಯಾರಾದರೂ ಅಧಿಕಾರಿ ಓದುತ್ತಾರೆ. ಶಾಸಕರು ಬೇಸರ ಮಾಡಿಕೊಳ್ಳಬಾರದು, ಇದು ತಾತ್ಕಾಲಿಕ ವ್ಯವಸ್ಥೆ. ಅಷ್ಟರವರೆಗೆ ಗಣೇಶ ಹಬ್ಬಕ್ಕೆ ಫ್ಲೆಕ್ಸ್ ಹಾಕಿಸಿಕೊಂಡಿರಲಿ. ಪ್ರಿಂಟ್ ಮಾಡುವವರ ನಂಬರ್ ಬೇಕಿದ್ದರೆ ಅವರ ವಾರ್ಡಿನ ಹುಡುಗರನ್ನೇ ಕೇಳಬಹುದು.