ಸಿಪ್ಪೆ ಪುಕ್ಕಟೆ ಅಲ್ಲ

ನಿಮ್ಮ ಲೇಖನದಲ್ಲಿ, ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್‌ಗೆ ಅಡಿಕೆ ಸಿಪ್ಪೆಯ ಪುಡಿ ಬೆರೆಸಿದರೆ ಖರ್ಚು ಇಳಿಯುತ್ತದೆ, ಸಿಪ್ಪೆ ಹೇಗೂ ‘ಪುಕ್ಕಟೆ ಕಸ’ ಎಂದು ಬರೆದಿದ್ದೀರಿ. ಕಾಸರಗೋಡಿನ ನಮ್ಮ ಬದಿಯಡ್ಕದ ಕಡೆಗೆ ಒಮ್ಮೆ ಬನ್ನಿ. ಅಡಿಕೆ ಸುಲಿದ ಸಿಪ್ಪೆ ನಮ್ಮಲ್ಲಿ ಬಚ್ಚಲಿನ ಒಲೆಗೆ ಹೋಗುತ್ತದೆ, ಉಳಿದದ್ದು ಮರದ ಬುಡಕ್ಕೆ. ಇನ್ನು ಒಣಗಿಸುವ ಮಾತು. ಸಿಪ್ಪೆಯ ನಾರು ನೀರು ಹೀರುತ್ತದೆ, ಈ ಪ್ಲಾಸ್ಟಿಕ್ ನೀರನ್ನು ಹತ್ತಿರವೇ ಸೇರಿಸುವುದಿಲ್ಲ. ಎರಡೂ ಸುಮ್ನೆ ಅಂಟಿಕೊಳ್ಳುವುದಿಲ್ಲ ಅಲ್ವಾ? ಅದಕ್ಕೇ ನಾರನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ, ತೊಳೆದು, ಮತ್ತೆ ಒಣಗಿಸುವುದು. ಮಳೆ ಸುರಿಯುವ ಆಟಿ ತಿಂಗಳಲ್ಲಿ ನಮ್ಮ ಅಟ್ಟದ ಮೇಲಿನ ಗೋಣಿಯಲ್ಲೇ ಸಿಪ್ಪೆಗೆ ಬೂಷ್ಟು ಹಿಡಿಯುತ್ತದೆ! ತೇವ ಉಳಿದರೆ ಅಚ್ಚಿನಲ್ಲಿ ಆವಿಯಾಗಿ ಗುಳ್ಳೆ ಏಳುತ್ತದೆ. ಪ್ಲಾಸ್ಟಿಕ್ ಕರಗಿಸುವ ಬಿಸಿ 200 ಡಿಗ್ರಿ ಸೆಲ್ಸಿಯಸ್ ದಾಟಿದರೆ ನಾರೇ ಕರಟುತ್ತದೆ. ಡ್ರೈಯರ್‌ನ ಕರೆಂಟ್ ಬಿಲ್ಲು, ಸೋಡಾ ತೊಳೆದ ನೀರಿನ ಖರ್ಚು ಎರಡೂ ನಿಮ್ಮ ಲೆಕ್ಕದಲ್ಲಿ ಕಾಣಲಿಲ್ಲ.