ಕೂತು ಕೆಟ್ಟ ಬೂಟು

'ಸೋಮವಾರದಿಂದ ಎಲ್ಲರೂ ಆಫೀಸಿಗೆ ಬರಬೇಕು' ಎಂಬ ಮೇಲ್ ಬಂದರೆ ವಿಜಯಪುರದ ಮನೆಗಳಲ್ಲಿ ಮೊದಲು ಬಾಯಿ ಬಿಡುವುದು ಬೂಟು. 2020ರ ಮಾರ್ಚಿನ ಲಾಕ್‌ಡೌನಿಗೆ ಬೆಂಗಳೂರಿನಿಂದ ಮನೆಗೆ ಬಂದು ಕಳಚಿ, ಕಪಾಟಿನ ತಳಕ್ಕೆ ತಳ್ಳಿದ್ದು. ಮೇಲಿನ ಚರ್ಮಕ್ಕೆ ಏನೂ ಆಗಿರುವುದಿಲ್ಲ. ಪಾಲಿಶ್ ಹೊಡೆದರೆ ಮುಖ ಕಾಣುತ್ತದೆ. ಹಾಕಿಕೊಂಡು ಪಡಸಾಲೆ ದಾಟುವಷ್ಟರಲ್ಲಿ ಹಿಂದೆಲ್ಲ ಕರಿ ಪುಡಿಯ ಹೆಜ್ಜೆ, ಹೊಸ್ತಿಲಲ್ಲಿ ಅರ್ಧ ಅಟ್ಟೆ.

'ಇಲಿ ಕಡದೈತಿ' ಅನ್ನುತ್ತಾಳೆ ಅವ್ವ. ಇಲಿಯ ತಪ್ಪಿಲ್ಲ. ಹಗುರ, ಮೆತ್ತನೆಯ ಅಟ್ಟೆಗಳು ಹೆಚ್ಚಾಗಿ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನವು. ಗಾಳಿಯ ತೇವ ಒಳಸೇರಿ ಅದನ್ನು ಮೆಲ್ಲಗೆ ಬಿಡಿಸುತ್ತ ಹೋಗುತ್ತದೆ. ಸೆಕೆ ಅದಕ್ಕೆ ಒತ್ತಾಸೆ. ನಮ್ಮಲ್ಲಿ ಮಳೆ ಕಡಿಮೆ, ನಿಜ. ಮೇ ತಿಂಗಳ 40 ಡಿಗ್ರಿಗೇನು ಬರವೇ? ದಿನಾ ಮೆಟ್ಟಿದ್ದರೆ ಇನ್ನಷ್ಟು ಬಾಳುತ್ತಿತ್ತು. ಅಂಟು ಹಚ್ಚಿ ಉಪಯೋಗವಿಲ್ಲ, ಅಂಟು ಹಿಡಿಯಲು ಅಟ್ಟೆಯೇ ಉಳಿದಿರುವುದಿಲ್ಲ. ಪುಡಿಯನ್ನೆಲ್ಲ ಕೆರೆಸಿ, ರಬ್ಬರಿನ ಹೊಸ ಅಟ್ಟೆ ಕೂರಿಸಿ, ಸುತ್ತ ಹೊಲಿಗೆ ಹಾಕಿಸಬೇಕು. ಅಂಟು ಒಣಗಲು ಒಂದು ರಾತ್ರಿ ಬೇಕು. ಭಾನುವಾರದ ಗೋಲಗುಂಬಜ್ ಎಕ್ಸ್‌ಪ್ರೆಸ್ ಹಿಡಿಯುವವರು ಶನಿವಾರವೇ ಕೊಟ್ಟಿರಬೇಕು.

ಲ್ಯಾಪ್‌ಟಾಪಿನದು ಉಲ್ಟಾ ಕಥೆ. ಬೂಟು ದುಡಿಯದೆ ಕೆಟ್ಟಿತು, ಇದು ಉಂಡುಂಡೇ ಕೆಟ್ಟಿತು. ಎರಡು ವರ್ಷ ಚಾರ್ಜರ್ ಕೀಳದೆ ನೂರಕ್ಕೆ ನೂರು ತುಂಬಿಕೊಂಡೇ ಕೂತ ಬ್ಯಾಟರಿ, ಕಾವಿಗೆ ಒಳಗೇ ಅನಿಲ ಹುಟ್ಟಿ ಪೂರಿಯಂತೆ ಉಬ್ಬುತ್ತದೆ. ಟಚ್‌ಪ್ಯಾಡ್ ಒತ್ತಿದರೆ ಟಕ್ ಅನ್ನುವುದಿಲ್ಲ. ಮೇಜಿನ ಮೇಲಿಟ್ಟರೆ ತೊಟ್ಟಿಲು. ಒತ್ತಿ ಕೂರಿಸಬಾರದು, ಚುಚ್ಚಲಂತೂ ಬಾರದು, ಬೆಂಕಿ ಹೊತ್ತೀತು. ಬಂದ್ ಮಾಡಿ, ಚಾರ್ಜರ್ ಕಿತ್ತು, ರೈಲು ಹತ್ತುವ ಮೊದಲೇ ಆಫೀಸಿನ ಐಟಿಯವರಿಗೆ ಫೋನ್ ಮಾಡಬೇಕು. ಇನ್ನೂ ಉಬ್ಬದಿದ್ದರೆ ಸೆಟ್ಟಿಂಗಿನಲ್ಲಿ ಚಾರ್ಜನ್ನು 80ಕ್ಕೆ ನಿಲ್ಲಿಸಿದರಾಯಿತು.

ಗುರುತಿನ ಕಾರ್ಡಿಗೆ ಗೇಟಿನಲ್ಲಿ ಕೆಂಪು ದೀಪ ಹತ್ತಿದರೆ ಗಾಬರಿ ಬೇಡ. ಬಹಳ ದಿನ ಬಳಸದ ಕಾರ್ಡನ್ನು ಎಷ್ಟೋ ಕಡೆ ಬಂದ್ ಮಾಡಿರುತ್ತಾರೆ, ನೌಕರಿಯನ್ನಲ್ಲ.

ಇಷ್ಟರಲ್ಲೂ ಕೆಡದೆ ಬೆಂಗಳೂರು ಮುಟ್ಟುವುದು ಖಡಕ್ ರೊಟ್ಟಿ. ಬಿಸಿ ರೊಟ್ಟಿಯನ್ನು ಹಾಗೇ ಡಬ್ಬಿಗೆ ಹಾಕಿದರೆ ಹಬೆ ಬೆವೆತು ಬೂಷ್ಟು ಹಿಡಿಯುತ್ತದೆ. ಒಲೆಯ ಬದಿಗೆ ನಿಲ್ಲಿಸಿ ಪಸೆ ಪೂರ್ತಿ ಆರಿಸಿದ್ದಾದರೆ ವಾರಗಟ್ಟಲೆ ಇರುತ್ತದೆ. ಅಟ್ಟೆಯನ್ನು ತಿಂದ ತೇವಕ್ಕೆ ಇಲ್ಲಿ ಜಾಗವಿಲ್ಲ. ಅರಿವೆಯಲ್ಲಿ ಸುತ್ತಿ ಅಲುಗದಂತೆ ಡಬ್ಬಿ ತುಂಬಬೇಕು, ಇಲ್ಲದಿದ್ದರೆ ಇಳಿಯುವಾಗ ಬರೇ ಚೂರು.

ತೊಡಕು ಒಂದೇ. ಮನೆಯಲ್ಲಿ ಮೀಟಿಂಗ್ ನಡೆದಾಗ ಮ್ಯೂಟ್ ಒತ್ತಿ ಮುರಿಯಬಹುದಿತ್ತು. ಆಫೀಸಿನಲ್ಲಿ ಒಂದೂವರೆಗೆ ಮುರಿದ ಮೊದಲ ರೊಟ್ಟಿ ಎಸಿ ಸದ್ದನ್ನೂ ಮೀರಿ ಮೂರು ಸಾಲಿನಾಚೆ ಕೇಳುತ್ತದೆ. ಅಲ್ಲಿಂದ ಯಾರೋ ಎದ್ದು ನಿಂತು ಇತ್ತ ನೋಡುತ್ತಾರೆ: 'ಶೇಂಗಾ ಹಿಂಡಿ ಐತೇನ್ರೀ?'